ಕಿಚ್ಚು ಹಾಯ್ದ ಗೌರಿ

ಅತ್ತಿಗುಪ್ಪೆಯ ನರಸಮ್ಮನಿಗೆ ಇದ್ದದ್ದು ಒಂದೇ ಹಸು, ಗೌರಿ. ಬೆಳಿಗ್ಗೆ ಅದನ್ನು ವಿಜಯನಗರದ ಬೀದಿಗಳಿಗೆ ಹೊಡೆದುಕೊಂಡು ಹೋಗಿ, ಮನೆಬಾಗಿಲಲ್ಲೇ ಕರೆದು, ನೊರೆಹಾಲು ಅಳೆದು ಕೊಡುತ್ತಿದ್ದಳು. ಒಂದು ದಿನಕ್ಕೂ ನೀರು ಬೆರೆಸಿದವಳಲ್ಲ. ನರಸಮ್ಮನ ಮಾತೆಂದರೆ ಊರು ನಂಬುತ್ತಿತ್ತು.

ಎಂಬತ್ತಮೂರನೇ ಇಸವಿಯ ಸಂಕ್ರಾಂತಿಯ ದಿನ ಕೊಂಬಿಗೆ ಬಣ್ಣ ಬಳಿಯುವಾಗ ಗೌರಿಯ ಬಾಯಿಂದ ಜೊಲ್ಲು ಇಳಿಯುತ್ತಿರುವುದು ಕಂಡಿತು. ಹಿಂಗಾಲನ್ನು ಎತ್ತೆತ್ತಿ ಇಡುತ್ತಿತ್ತು. ಮಾಗಡಿ ರಸ್ತೆಯ ಆಚೆ ಹಳ್ಳಿಗಳಲ್ಲಿ ಕಾಲುಬಾಯಿ ಜ್ವರ ಹಬ್ಬಿದೆಯೆಂದು ಅವಳು ಕೇಳಿದ್ದಳು. ಹಾಗೆ ಕಂಡರೆ ಬೇರೆ ಕಟ್ಟಬೇಕೆಂಬುದೂ ಗೊತ್ತಿತ್ತು. ಆದರೆ ಸಂಜೆ ಊರಿನ ಕಿಚ್ಚನ್ನು ಮೊದಲು ಹಾಯುವುದು ಅವಳ ಮನೆಯ ಹಸು. ಅತ್ತೆಯ ಕಾಲದಿಂದ ತಪ್ಪಿರಲಿಲ್ಲ. ಬೆಂಕಿ ದಾಟಿದರೆ ರೋಗವೂ ಸುಟ್ಟುಹೋಗುತ್ತದೆ ಎಂದು ದೇವರಿಗೆ ಕೈಮುಗಿದಳು. ಸೆರಗಿನಿಂದ ಜೊಲ್ಲು ಒರೆಸಿ, ಹೂ ಮುಡಿಸಿ, ಊರಿನ ದನಗಳ ನಡುವೆ ನಿಲ್ಲಿಸಿದಳು. ಪಕ್ಕದಲ್ಲಿ ದೊಡ್ಡಹನುಮಯ್ಯನ ಜೋಡೆತ್ತು, ಹಸು, ಎಳಗರು. ಕರು ಗೌರಿಯ ಮೂತಿ ನೆಕ್ಕಿತು. ನರಸಮ್ಮ ನೋಡಿದಳು, ಹಗ್ಗ ಎಳೆಯಲಿಲ್ಲ.

ವಾರದೊಳಗೆ ಊರಿನ ದನಗಳೆಲ್ಲ ಮಲಗಿದವು. ಕಣದಲ್ಲಿ ರಾಗಿ ಮೆದೆ ಹಾಗೇ ನಿಂತಿತು; ಒಕ್ಕುವ ಗುಂಡುಕಲ್ಲು ಎಳೆಯಲು ಎತ್ತಿಲ್ಲ. ವಿಜಯನಗರದವರು ಹಾಲಿನ ಬೂತಿನ ಮುಂದೆ ಸಾಲು ನಿಂತು, ಅರ್ಧ ಜನ ಖಾಲಿ ಪಾತ್ರೆ ಹಿಡಿದು ಮರಳಿದರು. ದೊಡ್ಡಹನುಮಯ್ಯನ ಕರು ಸತ್ತಿತು.

ಮೊದಲು ಜ್ವರ ಬಂದ ಗೌರಿ ಮೊದಲು ಎದ್ದಿತು. ತಿಂಗಳಾಗುವಷ್ಟರಲ್ಲಿ ಎರಡು ಲೋಟ ಹಾಲನ್ನೂ ಕೊಟ್ಟಿತು.

"ನಿನ್ ಭಕ್ತಿ ಕಣಕ್ಕ ಕಾಪಾಡಿದ್ದು," ಎಂದಳು ನೆರೆಯ ಅಣ್ಣಮ್ಮ. "ನಮ್ಮವು ಬೆಂಕಿಗೆ ಹೆದರ್ಕೊಂಡು ಪಕ್ಕದಲ್ಲಿ ನುಸುಳ್ಕೊಂಡ್ವು, ಕಳ್ಳಮುಂಡೇವು. ನಿನ್ ಗೌರಿ ಮದುವಣಗಿತ್ತಿ ಹಂಗೆ ನಡೆದ್ಲು."

ಆ ಮಾತು ಊರೆಲ್ಲ ಸುತ್ತಿತು. ಹೆಂಗಸರು ಗೌರಿಯ ಹಣೆಗೆ ಕುಂಕುಮ ಇಡಲು ಬಂದರು. ತಾನು ನಿಜ ಹೇಳಿಬಿಟ್ಟರೆ ಇವರ್ಯಾರೂ ಮತ್ತೆ ತನ್ನ ಬಾಗಿಲಿಗೆ ಬರುವುದಿಲ್ಲವೆಂದು ನರಸಮ್ಮ ಸುಮ್ಮನಿದ್ದಳು. ದೇವರ ದೀಪ ಹಚ್ಚಲು ಮಾತ್ರ ಕೈ ಏಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ದೊಡ್ಡಹನುಮಯ್ಯನೂ ಎರಡು ಬಾಳೆಹಣ್ಣು ಹಿಡಿದು ಬಂದ.

"ನರಸಕ್ಕ, ಎತ್ತು ಇನ್ನೂ ಕುಂಟ್ತಾ ಅವೆ. ಗೌರಮ್ಮನ ಪಾದದ ಮಣ್ಣು ಒಂಚೂರು ತಗೊಂಡೋಗಿ ಹಚ್ತೀನಿ."

ಅವನು ಬಗ್ಗಿದ. ನರಸಮ್ಮ ಅವನ ಕೈ ಹಿಡಿದಳು.

"ಬೇಡ ಹನುಮಯ್ಯ. ಜ್ವರ ಬಂದಿದ್ದೇ ನಮ್ ಕೊಟ್ಟಿಗೆಯಿಂದ. ಅವತ್ತೇ ಜೊಲ್ಲು ಸುರೀತಿತ್ತು. ಒರೆಸ್ಬಿಟ್ಟು ಕರ್ಕೊಂಡ್ ಬಂದೆ."

ಅವನು ಬಗ್ಗಿದಲ್ಲಿಂದಲೇ ಕೇಳಿದ.

"ನಮ್ ಕರು ಅದರ ಮೂತಿ ನೆಕ್ಕಿದ್ನ ನೋಡಿದ್ಯಾ?"

"ನೋಡ್ದೆ."

ದೊಡ್ಡಹನುಮಯ್ಯ ಎದ್ದು, ಬಾಳೆಹಣ್ಣುಗಳನ್ನು ಒಂದೊಂದಾಗಿ ಗೌರಿಗೆ ತಿನ್ನಿಸಿದ. "ಇದೇನ್ ಮಾಡ್ತು ಪಾಪ, ಮೂಕಪ್ರಾಣಿ," ಎಂದು ನರಸಮ್ಮನ ಮುಖ ನೋಡದೆ ಹೊರಟುಹೋದ.

ಅಂದಿನಿಂದ ಮೊದಲು ಕರೆದ ಹಾಲು ತಂಬಿಗೆಯಲ್ಲಿ ಅವನ ಜಗಲಿಗೆ ಹೋಯಿತು. ಕೆಲವು ದಿನ ತಂಬಿಗೆ ತೊಳೆದು ಬೋರಲು ಹಾಕಿರುತ್ತಿದ್ದರು. ಕೆಲವು ದಿನ ಹಾಲು ಹಾಗೇ ಕೆನೆಗಟ್ಟಿ ಕುಳಿತಿರುತ್ತಿತ್ತು. ಹೇಗಿದ್ದರೂ ತಂಬಿಗೆಯನ್ನು ಅವಳು ಎತ್ತಿಕೊಂಡು ಬಂದಳು.

ಮುಂದಿನ ಸಂಕ್ರಾಂತಿಗೆ ಕಿಚ್ಚಿಗೆಂದು ಹುಲ್ಲಿನ ಹೊರೆ ಮಾತ್ರ ಕಳಿಸಿದಳು. ಗೌರಿ ಕೊಟ್ಟಿಗೆಯಲ್ಲೇ ಮೆಲುಕು ಹಾಕುತ್ತಿತ್ತು. ಮೊದಲು ಯಾರ ಹಸು ಹಾಯ್ದಿತೆಂದು ಅವಳು ಕೇಳಲಿಲ್ಲ.