ಸೊಟ್ಟ ಕಟ್ಟಿಗೆಗೆ ಹೆದರುತ್ತಿದ್ದವರು

ಮಾನ್ವಿಯ ಆ ಬಡಿಗರು ಕಟ್ಟಿಗೆಯನ್ನು ಬಂದೂಕಿನಂತೆ ಮುಖಕ್ಕೆ ಹಿಡಿದು, ಎಡಗಣ್ಣಿನಿಂದ ಅದರ ಉದ್ದಕ್ಕೂ ನೋಡುತ್ತಿದ್ದರು. ಅವರಿಗೆ ಉಳಿದಿದ್ದದ್ದು ಅದೊಂದೇ ಕಣ್ಣು. ಬಾಗಿಲು, ಮಂಚ ಮಾಡುವಾಗ ಹಾಡು ಗುನುಗುತ್ತಿದ್ದವರು, ತಂತಿಯ ವಾದ್ಯ ರಿಪೇರಿಗೆ ಬಂದರೆ ಆ ಗುನುಗನ್ನೇ ನಿಲ್ಲಿಸಿಬಿಡುತ್ತಿದ್ದರು.

ನಮ್ಮ ಚರ್ಚಿನ ಗಿಟಾರಿನ ಕೊರಳು, ತಂತಿ ಹಾಯುವ ಆ ಉದ್ದನೆಯ ಕಟ್ಟಿಗೆ, ಮುರಿದಾಗ ಹೊಸದನ್ನು ಮಾಡಿಕೊಡಲು ಒಪ್ಪಿದರು. ಹಳೆಯ ಬಾಗಿಲಿನ ಸಾಗುವಾನಿಯನ್ನು ಕೊಯ್ದಿಟ್ಟರೆ ಮಾನ್ವಿಯ ಬಿಸಿಲಿಗೆ ಅದು ಸೊಟ್ಟಗಾಯಿತು. ಒದ್ದೆ ಬಟ್ಟೆ ಸುತ್ತಿ, ಕಾಸಿ, ಕ್ಲಾಂಪಿನಲ್ಲಿ ಬಿಗಿದಿಟ್ಟರು. ಬಿಚ್ಚಿದಾಗ ನೆಟ್ಟಗೇ ಇತ್ತು. ನಾನು ಖುಷಿಯಿಂದ ಕೈ ಚಾಚಿದೆ.

“ನೆಟ್ಟಗಾದಂಗ ಕಾಣ್ತದರಿ, ನಂಬಬ್ಯಾಡ್ರಿ,” ಎಂದು ಅದನ್ನು ಗೋಡೆಗೆ ತೂಗುಹಾಕಿದರು.

ಮತ್ತೆ ಮತ್ತೆ ಹೋದರೂ ಅದೇ ಮಾತು. ಈಸ್ಟರ್ ಹತ್ತಿರ ಬಂದಿತ್ತು. ನಾನು ರೇಗಿದೆ.

“ಭಜನಿಯವರ ತಂಬೂರಿಗೂ ಹಿಂಗ ಸೊಟ್ಟ ಕಟ್ಟಿಗಿ ನೆಟ್ಟಗ ಮಾಡಿ, ಅವಸರದಾಗ ಕೂಡಿಸಿದ್ನ್ರಿ. ತಂತಿ ಬಿಗಿಯಾಕತ್ತಿದ್ದೆ. ಕುತ್ತಿಗಿ ಸಿಡದು ತಂತಿ ಬಂದು ಬಡೀತು,” ಎಂದು ಬಲಗಣ್ಣಿನ ಕುಳಿ ಮುಟ್ಟಿಕೊಂಡರು. ಆಮೇಲೆ ನಾನು ಅವಸರ ಮಾಡಲಿಲ್ಲ.

ಕೊನೆಗೊಂದು ದಿನ ಕೊರಳು ಕೂಡಿಸಿದರು. ನಾನು ಗಿಟಾರು ಹಿಡಿದು ಕೂತೆ; ಅವರು ಎದುರಿಗೆ ಬಗ್ಗಿ, ಉಸಿರು ಹಿಡಿದು ಬಿರಡೆ ತಿರುಗಿಸತೊಡಗಿದರು. ತಂತಿ ಬಿಗಿಯಾದಂತೆ ಕಟ್ಟಿಗೆಯ ಒಳಗೆ ಎಲ್ಲೋ ಟಿಕ್ ಎಂದಿತು. ಬಿರಡೆಯ ಮೇಲಿನ ಕೈ ಅಲ್ಲೇ ನಿಂತಿತು. ಇನ್ನೊಂದು ಕೈ ಥಟ್ಟನೆ ಬಂದು ನನ್ನ ಕಣ್ಣುಗಳನ್ನು ಮುಚ್ಚಿತು.

ಬೆರಳ ಸಂದಿಯಿಂದ ನೋಡಿದೆ. ಅವರ ಎಡಗಣ್ಣು ರೆಪ್ಪೆ ಬಡಿಯದೆ ಆ ತಂತಿಯನ್ನೇ ನೋಡುತ್ತಿತ್ತು.