ಒದ್ದೆ ಫಿಲ್ಮಿಗೆ ಅಕ್ಕನ ಕಾವಲು

ಇವತ್ತು ಮಧ್ಯಾಹ್ನ ನನ್ನ ಹೆಂಡತಿ ನಲ್ಲಿಗೆ ಕಟ್ಟಿದ್ದ ಉಪ್ಪಿನ ಪದರಕ್ಕೆ ವಿನೆಗರ್ ಸುರಿದಳು. ಹಿಂದೆ ನಾನು ಫೋಟೋ ತೊಳೆಯುತ್ತಿದ್ದ ದ್ರಾವಣಕ್ಕೂ ಇದೇ ಹುಳಿ ವಾಸನೆ. ಮೂಗಿಗೆ ಬಡಿದದ್ದೇ ತಡ, ಎದ್ದು ಮನೆಯೆಲ್ಲ ಓಡಾಡತೊಡಗಿದೆ. ಮೊದಲಿನಿಂದಲೂ ನಾನು ಕೂತಲ್ಲಿ ಕೂರಲಾರದವನು. ಇಂಥವನು 1990ರ ಆಸುಪಾಸಿನಲ್ಲಿ, ಹೊಸಕೋಟೆಯ ಬಾಡಿಗೆ ಮನೆಯಲ್ಲಿ, ಬರೀ ಕಾಯುವುದೇ ಆಗಿದ್ದ ಹವ್ಯಾಸವೊಂದಕ್ಕೆ ಬಿದ್ದಿದ್ದೆ ಎಂದರೆ ನೀವು ನಗಬಹುದು. ನಗಿ, ಬೇಸರವಿಲ್ಲ.

ಬಚ್ಚಲ ಕಿಂಡಿಗೆ ಕರಿ ಕಂಬಳಿ ಹೊಡೆದರೆ ಅದೇ ನನ್ನ ಕತ್ತಲೆಕೋಣೆ. ದ್ರಾವಣದಿಂದ ತೆಗೆದ ಫಿಲ್ಮನ್ನು ಅರ್ಧ ಗಂಟೆ ನೀರು ಬದಲಿಸುತ್ತ ತೊಳೆಯಬೇಕು. ಆಮೇಲೆ ಧೂಳಿಲ್ಲದ ಕಡೆ ನೇತುಹಾಕಿ, ತಾನಾಗಿ ಒಣಗುವವರೆಗೆ ಮುಟ್ಟಬಾರದು. ಶಾಲೆಯಲ್ಲಿ ಮಕ್ಕಳಿಗೆ ತಾಳ್ಮೆ ಬೋಧಿಸುತ್ತಿದ್ದ ಮೇಷ್ಟ್ರು ನಾನು, ಮನೆಯಲ್ಲಿ ಐದು ನಿಮಿಷಕ್ಕೊಮ್ಮೆ ಇಣುಕುತ್ತಿದ್ದೆ.

ಸೂಲಿಬೆಲೆಯಲ್ಲಿ ಹಸು ಕಟ್ಟಿಕೊಂಡಿದ್ದ ನನ್ನಕ್ಕನಿಗೆ ತುಟಿ, ಕೆನ್ನೆಯ ಮೇಲೆ ತೊನ್ನು ಹಬ್ಬಿತ್ತು. ಮದುವೆಮನೆಯಲ್ಲಿ ಕ್ಯಾಮೆರಾ ಕಂಡರೆ ಅಡುಗೆಮನೆ ಸೇರುತ್ತಿದ್ದಳು. ಅಂಥವಳು ಒಂದು ಭಾನುವಾರ ಬಂದು, “ನಂದೊಂದು ಫೋಟೋ ತೆಗಿಯೋ” ಎಂದಳು. ಹಿತ್ತಲಿನ ಬೆಳಕಿನಲ್ಲಿ ಮೂರು ತೆಗೆದೆ. ಒಮ್ಮೆಯೂ ಮುಖ ತಿರುಗಿಸಲಿಲ್ಲ.

ಮರುದಿನ ಶಾಲೆಯಿಂದ ಬಂದವನೇ ತೊಳೆಯಲು ಕೂತೆ. ಅರ್ಧ ಗಂಟೆಯ ಕೆಲಸ ಹತ್ತೇ ನಿಮಿಷಕ್ಕೆ ಮುಗಿಯಿತು. ಬೇಗ ಒಣಗಲೆಂದು ಒದ್ದೆ ಫಿಲ್ಮನ್ನು ಸೀಮೆಎಣ್ಣೆ ಸ್ಟೌವಿನ ಮೇಲೆ ಹಿಡಿದೆ. ನೋಡನೋಡುತ್ತಲೇ ಅದರ ಪದರ ಕರಗಿ ಜಾರಿತು. ಅಕ್ಕನ ಕಣ್ಣು ಕೆನ್ನೆಗಿಳಿಯಿತು, ಕೆನ್ನೆ ಎಲ್ಲೋ ಹೋಯಿತು.

ಮುಂದಿನ ಭಾನುವಾರ ಆಸೆಯಿಂದ ಬಂದವಳಿಗೆ ಸುಳ್ಳು ಹೇಳಿದೆ: “ಕ್ಯಾಮೆರಾ ಕೆಟ್ಟಿತ್ತು ಅಕ್ಕ. ಏನೂ ಬಂದಿಲ್ಲ.”

ಅಕ್ಕ ಎದ್ದಳು. “ಗೊತ್ತಾಯ್ತು ಬಿಡು. ನನ್ನ ಮುಖ ನೋಡೋ ಹಂಗಿಲ್ಲ ಅನ್ನೋಕೆ ನಿಂಗೆ ಬಾಯಿ ಬರ್ಲಿಲ್ಲ.” ಚೀಲ ಎತ್ತಿಕೊಂಡು ನಡೆದೇಬಿಟ್ಟಳು.

ಹಾಳಾದ ಫಿಲ್ಮು ಹಿಡಿದು ಬಸ್‌ಸ್ಟ್ಯಾಂಡಿಗೆ ಓಡಿದೆ. ಬಸ್ಸು ಹೊರಡುವುದರಲ್ಲಿತ್ತು, ಅಕ್ಕ ಮೆಟ್ಟಿಲ ಮೇಲೊಂದು ಕಾಲಿಟ್ಟಿದ್ದಳು. “ನಾನೇ ಹಾಳ್ಮಾಡ್ದೆ ಅಕ್ಕ. ಕಾಯೋಕಾಗ್ಲಿಲ್ಲ. ಒಲೆ ಮೇಲೆ ಹಿಡ್ದೆ.”

ಅಕ್ಕ ಕಾಲು ಇಳಿಸಿ, ಫಿಲ್ಮನ್ನು ಬಿಸಿಲಿಗೆ ಹಿಡಿದು, ಕರಗಿ ಸೊಟ್ಟಗಾದ ತನ್ನ ಮುಖವನ್ನು ನೋಡಿದಳು. ಬಸ್ಸು ಅವಳನ್ನು ಬಿಟ್ಟು ಹೋಯಿತು.

“ಥೂ, ಮುಂಡೇದೇ! ನಡಿ, ಇನ್ನೊಂದ್ಸಲ ತೆಗಿ. ತೊಳೆಯೋದು ನಾನು.”

ಅವತ್ತೇ ಮತ್ತೆ ತೆಗೆದೆ. ಅಕ್ಕ ಸೀರೆ ಎತ್ತಿ ಕಟ್ಟಿ, ಬಕೆಟ್ಟಿನ ಮೇಲೆ ಬಕೆಟ್ಟು ನೀರು ಬದಲಿಸಿದಳು. “ಹಾಲಿನ ಕ್ಯಾನು ತೊಳೆಯೋ ಕೈ ಕಣೋ ಇದು.” ಫಿಲ್ಮು ನೇತುಹಾಕಿ ಬಚ್ಚಲ ಬಾಗಿಲಿಗೆ ಮಣೆ ಹಾಕಿಕೊಂಡು ಕೂತಳು. ನಾನು ಹತ್ತಿರ ಸುಳಿದಾಗಲೆಲ್ಲ ಗದರಿ ಅಟ್ಟಿದಳು. ಒಣಗಿದ ಮೇಲೆ ಬೆಳಕಿಗೆ ಹಿಡಿದವಳು ಗಟ್ಟಿಯಾಗಿ ನಕ್ಕಳು. “ಲೇ, ಇದ್ರಲ್ಲಿ ನನ್ನ ತೊನ್ನೆಲ್ಲ ಕಪ್ಪಗೈತೆ!”

ಫಿಲ್ಮಿನಲ್ಲಿ ಕಪ್ಪು ಬಿಳುಪು ತಿರುವುಮುರುವು; ಪ್ರಿಂಟಿನಲ್ಲಿ ತೊನ್ನು ಇದ್ದಂತೆಯೇ ಬಿಳಿಯಾಗಿ ಬಂತು. ಅಕ್ಕ ಅದಕ್ಕೆ ಕಟ್ಟು ಹಾಕಿಸಿ, ಬಂದವರಿಗೆಲ್ಲ ಕಾಣುವಂತೆ ನಡುಮನೆಯಲ್ಲಿ ತೂಗುಹಾಕಿದಳು.

ಓಡಾಟ ನಿಲ್ಲಿಸಿ ಈಗಷ್ಟೇ ಅಕ್ಕನಿಗೆ ಫೋನ್ ಮಾಡಿದೆ. “ಏನ್ಲಾ, ಈ ಹೊತ್ನಲ್ಲಿ?” ಎಂದಳು. “ಸುಮ್ನೆ” ಎಂದೆ. ಕರು ಹಾಕಿದ ಹಸುವಿನ ಕಥೆ ಶುರುವಾಯಿತು. ಎಂದಿನಂತೆ “ಆಮೇಲೆ ಮಾಡ್ತೀನಿ” ಎನ್ನಲು ಬಾಯಿ ತೆರೆದವನು, ಕುರ್ಚಿ ಎಳೆದುಕೊಂಡು ಕೂತೆ. ಹಸುವಿನದು ಮುಗಿದು ಪಕ್ಕದ ಮನೆಯವರದು ಬಂತು, ಮಂಡಿ ನೋವಿನದು ಬಂತು. ಫೋನು ಇಟ್ಟವಳು ಅಕ್ಕನೇ.