ಲೆಕ್ಕಕ್ಕೆ ಬಾರದ ಇಬ್ಬರು

ಬೆಳಕು ಇನ್ನೂ ಪೂರಾ ಹರಿದಿಲ್ಲ. ದಾಂಡೇಲಿಯ ಕಾಗದದ ಗಿರಣಿಗೆ ಬಿದಿರು ಹೋಗುವ ಕಾಡಿನಲ್ಲಿ ಗೋದುಬಾಯಿ ಸೆರಗು ಬಿಗಿದು ಮೆಳೆಯೊಳಗೆ ನುಗ್ಗಿದ್ದಾಳೆ. ಬಿದಿರನ್ನು ಕತ್ತಿಯ ಹಿಡಿಯಿಂದ ತಟ್ಟುತ್ತಾಳೆ, ಸದ್ದು ಕೇಳಿ ಬಲಿತದ್ದನ್ನಷ್ಟೇ ಕಡಿಯುತ್ತಾಳೆ. ಈ ಮಳೆಗಾಲದಲ್ಲಿ ಎದ್ದ ಎಳೆಯವನ್ನು ಮುಟ್ಟುವುದಿಲ್ಲ. ಇದಕ್ಕೂ ಮೊದಲೇ ಹಳ್ಳದಿಂದ ನೀರು ಹೊತ್ತು ತಂದಾಗಿದೆ. ಅವಳ ಬಿಡಾರದ ಸಾಲಿಗೆ ಬಾವಿಯಿಲ್ಲ. ಬೇಸಿಗೆಯಲ್ಲಿ ಹಳ್ಳ ಬತ್ತಿದರೆ ಮಕ್ಕಳ ಹೊಟ್ಟೆ ಕೆಡುತ್ತದೆ. ಹೋದ ವರ್ಷ ಕಿರಿಯ ಮಗಳು ಉಳಿದದ್ದೇ ಹೆಚ್ಚು.

"ನನ್ನ ತಂಗಿಗೆ ನಳ ಬಂದೈತ್ರಿ," ಎನ್ನುತ್ತಾಳೆ, ಅವಳ ಬದುಕಿನ ಬಗ್ಗೆ ಬರೆಯಲೆಂದು ದಾಂಡೇಲಿಯಿಂದ ಬಂದ ನಾನಿನ್ನೂ ಏನೂ ಕೇಳುವ ಮೊದಲೇ.

ಇಬ್ಬರೂ ಬೆಳಗಾವಿ ಸೀಮೆಯ ಒಂದೇ ಮನೆಯಲ್ಲಿ ಹುಟ್ಟಿದವರು. ತಂಗಿ ಸಕ್ಕುಬಾಯಿಯನ್ನು ಕೊಟ್ಟ ಊರು ಈಗ ಮಹಾರಾಷ್ಟ್ರಕ್ಕೆ ಸೇರಿದೆ. ಗೋದುಬಾಯಿ ಗಂಡ ಶೇಖಪ್ಪನ ಜೊತೆ ಇಲ್ಲಿಗೆ ಬಂದು ಮೈಸೂರು ರಾಜ್ಯದಲ್ಲೇ ಉಳಿದಳು.

"ದೀಪಾವಳಿಗೆ ಬಂದಾಕಿ, 'ಅಕ್ಕಾ, ಇನ್ನೂ ಹಳ್ಳದ ನೀರ ಕುಡೀತಿಯೇನ' ಅಂದಳ್ರಿ. ಅಕಿ ಕೈ ನೋಡಿದೆ, ಮೆತ್ತಗ ಆಗ್ಯಾವು. ಅವತ್ತ ನನಗ ಹೋಳಿಗಿ ಸೇರಲಿಲ್ಲ."

ಈ ಉರಿಗೆ ಗಾಳಿ ಹಾಕಿದವನು ಕೂಲಿಯವರ ಮುಕಾದಮ ಮಲಕಪ್ಪ, ಪತ್ರಿಕೆ ಓದುವ ಮನುಷ್ಯ. ಕಾಗದದ ಮೇಲೆ ದಿಲ್ಲಿ ಸರ್ಕಾರ ಸುಂಕ ಹಾಕುತ್ತದೆ, ಅದರಲ್ಲೊಂದು ಭಾಗವನ್ನು ರಾಜ್ಯಗಳಿಗೆ ಹಂಚುತ್ತದೆ, ಹಂಚುವಾಗ ಮುಖ್ಯವಾಗಿ ಎಲ್ಲಿ ಎಷ್ಟು ಜನ ಎಂದು ನೋಡುತ್ತದೆ, ಹಾಗಾಗಿ ಜನ ಹೆಚ್ಚಿರುವ ಮಹಾರಾಷ್ಟ್ರಕ್ಕೆ ದೊಡ್ಡ ಪಾಲು ಹೋಗುತ್ತದೆ ಎಂದು ಅವನೇ ಬಿಡಿಸಿ ಹೇಳಿದ್ದು. ಬಾವಿ, ಶಾಲೆ, ಕಡಿದಲ್ಲಿ ಮತ್ತೆ ಗಿಡ ನೆಡುವ ಕೆಲಸ, ಎಲ್ಲಕ್ಕೂ ರಾಜ್ಯ ಆ ಪಾಲನ್ನು ನೆಚ್ಚಿಕೊಂಡಿದೆ.

"ಬಿದಿರ ನಂದು, ನಳ ಅಕೀದು," ಎಂದಳಂತೆ ಗೋದುಬಾಯಿ. "ತಲಿ ಎಣಿಸ್ತಾರ, ಮೆಳಿ ಎಣಿಸೂದಿಲ್ಲೇನ?"

"ತಲೀನರ ನೀ ಸರಿ ಬರಸೀಯೇನ, ಗೋದಕ್ಕ?" ಎಂದನಂತೆ ಮಲಕಪ್ಪ.

ಅರವತ್ತೊಂದರಲ್ಲಿ ಜನಗಣತಿಯವರು ಬಂದು ಮಕ್ಕಳೆಷ್ಟು ಎಂದು ಕೇಳಿದ್ದರು. ಎಣಿಸಿ ಹೇಳಿದರೆ ಮಕ್ಕಳಿಗೆ ದೃಷ್ಟಿ ತಾಗುತ್ತದೆ. ಯಾವ ತಾಯಿ ಪೂರಾ ಹೇಳುತ್ತಾಳೆ? ಐವರಲ್ಲಿ ಕಿರಿಯರಿಬ್ಬರನ್ನು ಗುಡಿಸಲ ಹಿಂದೆ ಕೂರಿಸಿ "ಮೂರ್ರಿ" ಎಂದುಬಿಟ್ಟಿದ್ದಳು. ಸಕ್ಕುಬಾಯಿಯೋ ಹೊಟ್ಟೆಯಲ್ಲಿದ್ದುದನ್ನೂ ಬರೆಸಲು ಹೋಗಿದ್ದಳಂತೆ.

ಇಬ್ಬರು ಮಕ್ಕಳಿಂದ ಒಂದು ರಾಜ್ಯದ ಪಾಲು ಇಳಿಯುವುದಿಲ್ಲ ಎಂದು ಹೇಳಿ ನೋಡುತ್ತೇನೆ. ಅವಳು ನನ್ನನ್ನೇ ದಿಟ್ಟಿಸುತ್ತಾಳೆ. "ನಿಮ್ಮ ಹಿತ್ತಲದಾಗ ಬಾವಿ ಐತಲ್ರಿ, ಅಕ್ಕಾರ."

ಕಡಿದ ಬಿದಿರನ್ನು ಬದಿಗೆ ಜೋಡಿಸುತ್ತ ಹೇಳುತ್ತಾಳೆ: "ಬರೂ ಸಲ ಬರಲಿ ಅವರು. ಐದೂ ಮಂದಿಗೆ ಕಾಡಿಗಿ ಬೊಟ್ಟ ಇಟ್ಟು, ಬಾಗಲದಾಗ ನಿಂದರಿಸಿ ಬರಸ್ತೇನಿ. ದೃಷ್ಟಿನೂ ತಾಗಬಾರದು, ಸಕ್ಕುನ ಮನಿಗಿಂತ ಒಂದ ತಲಿ ಹೆಚ್ಚೂ ಇರಬೇಕು. ನಮಗೂ ಒಂದ ಬಾವಿ ಆದ್ರ ಸಾಕ್ರಿ."

ಅಷ್ಟರಲ್ಲಿ ಮಲಕಪ್ಪ ಕೂಗುತ್ತಾನೆ. ಲಾರಿ ತುಂಬಿಲ್ಲ. "ಆ ಮೆಳ್ಯಾಗ ಇನ್ನ ಎಷ್ಟ ಉಳದಾವು?"

ಗೋದುಬಾಯಿ ಎಳೆಯ ಬಿದಿರುಗಳಿಗೆ ಬೆನ್ನು ಕೊಟ್ಟು, ಸೆರಗು ಹರವಿಕೊಂಡು ನಿಲ್ಲುತ್ತಾಳೆ.

"ಏನೂ ಇಲ್ಲಪ್ಪ," ಎನ್ನುತ್ತಾಳೆ. "ಎಲ್ಲಾ ಮುಗದಾವು."